ಹೃದಯ ನಿಂತವರನ್ನು ಆಸ್ಪತ್ರೆಗೆ ಒಯ್ಯದೆ ಬಿಟ್ಟರೇ?

ಪ್ರಶ್ನೆ: ಕೊರೊನಾ ಜೋರಾಗಿದ್ದಾಗ ಅಮೆರಿಕದಲ್ಲಿ ಹೃದಯಸ್ತಂಭನವಾದವರನ್ನು ಆಂಬುಲೆನ್ಸಿನವರು ಆಸ್ಪತ್ರೆಗೆ ಸಾಗಿಸದೆ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು ಎಂದು ಓದಿದ್ದೆ. ನಿಜವೇ? ನಿಜವಾದರೆ, ‘ಇನ್ನು ಸಾಕು’ ಎಂದು ಯಾವ ಆಧಾರದ ಮೇಲೆ ತೀರ್ಮಾನಿಸುತ್ತಿದ್ದರು?

ಉತ್ತರ: ನೀವು ಓದಿದ್ದು ಬಹುಶಃ ಲಾಸ್ ಏಂಜಲೀಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಸುದ್ದಿ. 2021ರ ಜನವರಿ ಮೊದಲ ವಾರ ಅಲ್ಲಿನ ತುರ್ತು ವೈದ್ಯಕೀಯ ಸೇವಾ ಸಂಸ್ಥೆ ಒಂದು ಆದೇಶ ಹೊರಡಿಸಿತು. 18 ವರ್ಷ ತುಂಬಿದವರಿಗೆ ಆಸ್ಪತ್ರೆಯ ಹೊರಗೆ ಹೃದಯ ನಿಂತು, ಬಿದ್ದಲ್ಲೇ ಚಿಕಿತ್ಸೆ ಕೊಟ್ಟರೂ ನಾಡಿ ಮರಳದಿದ್ದರೆ ಅವರನ್ನು ಸಾಗಿಸಬೇಡಿ ಎಂಬುದು ಅದರ ತಿರುಳು. ಅದೇ ಹೊತ್ತಿಗೆ ಇನ್ನೊಂದು ಸೂಚನೆಯೂ ಬಂತು: ರಕ್ತದಲ್ಲಿ ಆಮ್ಲಜನಕದ ಮಟ್ಟ ಶೇ 90ಕ್ಕಿಂತ ಕೆಳಗಿಳಿದವರಿಗಷ್ಟೇ ಆಮ್ಲಜನಕ ಕೊಡಿ. ಸುಮಾರು ಒಂದು ಕೋಟಿ ಜನರ ಕೌಂಟಿ ಅದು. ಐಸಿಯುಗಳು ತುಂಬಿದ್ದವು. ರೋಗಿಯನ್ನು ಇಳಿಸಿಕೊಳ್ಳಲು ಹಾಸಿಗೆಯಿಲ್ಲದೆ ಆಂಬುಲೆನ್ಸ್‌ಗಳು ಆಸ್ಪತ್ರೆಗಳ ಹೊರಗೆ ಗಂಟೆಗಟ್ಟಲೆ ಕಾಯುತ್ತಿದ್ದವು. ಎರಡೂ ಸುದ್ದಿ ಒಟ್ಟಿಗೆ ಬಂದದ್ದರಿಂದ ‘ಜನರನ್ನು ಸಾಯಲು ಬಿಡುತ್ತಿದ್ದಾರೆ’ ಎಂಬ ಮಾತು ಎಲ್ಲೆಡೆ ಹಬ್ಬಿತು. ‘ಬಿದ್ದಲ್ಲೇ ಚಿಕಿತ್ಸೆ ಕೊಟ್ಟರೂ’ ಎಂಬ ಭಾಗ ಮಾತ್ರ ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ಇಡೀ ಆದೇಶ ನಿಂತಿರುವುದೇ ಅದರ ಮೇಲೆ.

ಆ ಚಿಕಿತ್ಸೆ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಜಾರದ ಸೋಫಾ ಸರಿಸಿ, ಬಿದ್ದವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸುತ್ತಾರೆ. ಅಂಗಿ ಕತ್ತರಿಸಿ ಬಲ ಕೊರಳೆಲುಬಿನ ಕೆಳಗೊಂದು, ಎಡ ಕಂಕುಳ ಕೆಳಗೊಂದು ವಿದ್ಯುತ್ ಷಾಕ್ ಕೊಡುವ ಪ್ಯಾಡ್ ಅಂಟಿಸುತ್ತಾರೆ. ಒಬ್ಬರು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಎದೆಯನ್ನು ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಾ ಹೋಗುತ್ತಾರೆ. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಇನ್ನೊಬ್ಬರು ಮಂಡಿಯೂರಿ ಕೂರುತ್ತಾರೆ. ಆ ಬದಲಾವಣೆಯ ಕೆಲವೇ ಸೆಕೆಂಡುಗಳಲ್ಲಿ ಮಾನಿಟರ್ ನೋಡುತ್ತಾರೆ. ಹೃದಯ ಅದುರುತ್ತಿದ್ದರೆ ಷಾಕ್. ಗೆರೆ ಸಪಾಟಾಗಿದ್ದರೆ ಷಾಕಿನಿಂದ ಪ್ರಯೋಜನವಿಲ್ಲ. ತೋಳಿನ ರಕ್ತನಾಳ ಸಿಗದಿದ್ದರೆ ಮೊಣಕಾಲಿನ ಕೆಳಗಿನ ಮೂಳೆಗೇ ಸೂಜಿ ಕೊರೆದು ಮೂರರಿಂದ ಐದು ನಿಮಿಷಕ್ಕೊಮ್ಮೆ ಅಡ್ರಿನಾಲಿನ್ ಕೊಡುತ್ತಾರೆ. ಗಂಟಲಿಗೆ ಇಳಿಸಿದ ನಳಿಕೆಯ ಹೊರತುದಿಯಲ್ಲೊಂದು ಪುಟ್ಟ ಸಂವೇದಕ ಇರುತ್ತದೆ. ಉಸಿರಿನಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ಎಷ್ಟು ಎಂದು ಅದು ತೋರಿಸುತ್ತದೆ. ಹೃದಯ ಮತ್ತೆ ಹೊಡೆದುಕೊಳ್ಳಲು ಶುರುವಾದರೆ ಆ ಅಂಕಿ ಥಟ್ಟನೆ ಮೇಲೇರುತ್ತದೆ. ಚೆನ್ನಾಗಿ ಒತ್ತುತ್ತಿದ್ದರೂ 20 ನಿಮಿಷದ ನಂತರ ಅದು 10ರ (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) ಕೆಳಗೇ ಉಳಿದರೆ ಹೃದಯ ಮರಳುವ ಸಾಧ್ಯತೆ ತೀರಾ ಕಡಿಮೆ. ಆದರೂ ಅದೊಂದೇ ಅಂಕಿ ನೋಡಿ ನಿಲ್ಲಿಸುವಂತಿಲ್ಲ.

ಲಾಸ್ ಏಂಜಲೀಸ್‌ನಲ್ಲಿ ಕನಿಷ್ಠ 20 ನಿಮಿಷ ಇದೆಲ್ಲ ನಡೆದ ಮೇಲೆಯೇ ಸಾಗಿಸಬೇಡಿ ಎಂಬ ಮಾತು. ಬಾಗಿಲಿಗೆ ಬಂದು, ನೋಡಿ, ಹೊರಟುಬಿಡಿ ಎಂದಲ್ಲ.

ಹಾಗಾದರೆ ಆಸ್ಪತ್ರೆಗೆ ಒಯ್ದಿದ್ದರೆ ಇನ್ನಷ್ಟು ಏನಾದರೂ ಆಗುತ್ತಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಒಳ್ಳೆಯ ಪ್ಯಾರಾಮೆಡಿಕ್ ತಂಡವಿದ್ದಲ್ಲಿ, ಬಹುಪಾಲು ಸಂದರ್ಭಗಳಲ್ಲಿ ಇಲ್ಲ. ಮೊದಲ ಅರ್ಧ ಗಂಟೆಯಲ್ಲಿ ತುರ್ತು ವಿಭಾಗ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಓಡುವ ವಾಹನದಲ್ಲಿ, ತಿರುವಿನಲ್ಲಿ ಒಂದು ಕೈ ಕಂಬಿ ಹಿಡಿದುಕೊಂಡು ಎದೆ ಒತ್ತುವುದು ಸರಿಯಾಗಿ ಆಗುವುದೂ ಇಲ್ಲ. ಅಮೆರಿಕ ಮತ್ತು ಕೆನಡಾದ ಸಾವಿರಾರು ರೋಗಿಗಳ ದಾಖಲೆ ಹೋಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಒಂದೇ ಬಗೆಯ ರೋಗಿಗಳನ್ನು ಜೋಡಿಸಿ ನೋಡಿದಾಗ, ಸ್ಥಳದಲ್ಲೇ ಚಿಕಿತ್ಸೆ ಮುಂದುವರಿಸಿದವರಲ್ಲಿ ಶೇ 8.5ರಷ್ಟು ಮಂದಿ ಬದುಕಿ ಮನೆಗೆ ಮರಳಿದ್ದರು. ಹೃದಯ ನಿಂತಿರುವಾಗಲೇ ಸಾಗಿಸಿದವರಲ್ಲಿ ಶೇ 4.0.

ನಿಲ್ಲಿಸುವ ನಿಯಮ ಕೊರೊನಾ ಕಾಲದಲ್ಲಿ ಹುಟ್ಟಿದ್ದೂ ಅಲ್ಲ. ಕೆನಡಾದ ಒಂಟಾರಿಯೊದಲ್ಲಿ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಸರಳ ನಿಯಮವೊಂದಿದೆ. ಹೃದಯ ನಿಂತದ್ದು ಆಂಬುಲೆನ್ಸ್ ಸಿಬ್ಬಂದಿಯ ಕಣ್ಣೆದುರು ಅಲ್ಲ, ಒಂದು ಷಾಕೂ ಕೊಡುವ ಸಂದರ್ಭ ಬರಲಿಲ್ಲ, ನಾಡಿ ಒಮ್ಮೆಯೂ ಮರಳಲಿಲ್ಲ. ಮೂರೂ ಸೇರಿದರೆ ನಿಲ್ಲಿಸಬಹುದು. ಆ ಅಧ್ಯಯನದಲ್ಲಿ ನಿಯಮ ನಿಲ್ಲಿಸಿ ಎಂದ 776 ಮಂದಿಯಲ್ಲಿ ಬದುಕಿದವರು ನಾಲ್ವರು. ಮಕ್ಕಳು, ಗರ್ಭಿಣಿಯರು, ತಣ್ಣೀರಿನಲ್ಲಿ ಮುಳುಗಿ ಮೈ ತಣ್ಣಗಾದವರು, ಸಿಡಿಲು ಬಡಿದವರು, ವಿಷ ಅಥವಾ ಔಷಧಿ ಅತಿಯಾದವರ ಲೆಕ್ಕ ಬೇರೆ. ಅಲ್ಲಿ ಇಷ್ಟು ಬೇಗ ಕೈ ಚೆಲ್ಲಬಾರದು.

ಇಷ್ಟು ಹೇಳಿ ‘ಏನೂ ಬದಲಾಗಿರಲಿಲ್ಲ’ ಎಂದುಬಿಟ್ಟರೆ ಅದು ಸುಳ್ಳಾಗುತ್ತದೆ. ಮಾಮೂಲಿ ದಿನಗಳಲ್ಲಿ ಅನುಮಾನವಿದ್ದರೆ ‘ಇರಲಿ, ಒಯ್ಯೋಣ’ ಎನ್ನುತ್ತಾರೆ. ಕೆಲವೊಮ್ಮೆ ಮನೆಯವರ ಸಮಾಧಾನಕ್ಕಾದರೂ ಒಯ್ಯುತ್ತಾರೆ. ಆ ಅವಕಾಶವನ್ನು ಮಹಾಮಾರಿ ಕಿತ್ತುಕೊಂಡಿತು. ಗಂಡನ ಎದೆ ಒತ್ತುವುದನ್ನು ನಿಲ್ಲಿಸಿದವರು ಅಲ್ಲೇ, ಮನೆಯ ನೆಲದ ಮೇಲೆ, ಹೆಂಡತಿಗೆ ಸಾವಿನ ಸುದ್ದಿ ಹೇಳಬೇಕಾಯಿತು. ವೈದ್ಯಶಾಸ್ತ್ರ ಒಪ್ಪುತ್ತದೆ ಎಂಬ ಕಾರಣಕ್ಕೆ ಆ ಕಷ್ಟವೇನೂ ಚಿಕ್ಕದಾಗುವುದಿಲ್ಲ. ನ್ಯೂಯಾರ್ಕ್ ನಗರದ ಲೆಕ್ಕ ನೋಡಿ: 2020ರ ಮಾರ್ಚ್ 1ರಿಂದ ಏಪ್ರಿಲ್ 25ರವರೆಗೆ ಆಸ್ಪತ್ರೆಯ ಹೊರಗೆ ಹೃದಯ ನಿಂತು ಸಿಬ್ಬಂದಿ ಸಿಪಿಆರ್ (ಎದೆ ಒತ್ತಿ ಬದುಕಿಸುವ ಪ್ರಯತ್ನ) ಮಾಡಿದ ಪ್ರಕರಣಗಳು 3,989. ಹಿಂದಿನ ವರ್ಷ ಅದೇ ಅವಧಿಯಲ್ಲಿ 1,336. ನಾಡಿ ಮರಳಿ ಹಾಗೇ ಉಳಿದವರ ಪ್ರಮಾಣ ಶೇ 25.2ರಿಂದ ಶೇ 10.6ಕ್ಕೆ ಕುಸಿದಿತ್ತು.

ಆ ನಗರದಲ್ಲೂ ಏಪ್ರಿಲ್ ಆರಂಭದಲ್ಲೇ ಲಾಸ್ ಏಂಜಲೀಸ್ ರೀತಿಯ ನಿಯಮ ಬಂದಿತ್ತು. ಅದನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಅದರ ನಂತರ ಬಂತು. ಏಪ್ರಿಲ್ 17ರಂದು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಾಡಿಯಿಲ್ಲದ ವಯಸ್ಕರಿಗೆ ಪುನಶ್ಚೇತನದ ಪ್ರಯತ್ನವನ್ನೇ ಶುರು ಮಾಡಬೇಡಿ ಎಂಬ ಮಾರ್ಗಸೂಚಿ ಕೊಟ್ಟಿತು. ನಗರದ ಅಗ್ನಿಶಾಮಕ ಇಲಾಖೆಯ ಆಂಬುಲೆನ್ಸ್ ಸಿಬ್ಬಂದಿ ಅದನ್ನು ಪಾಲಿಸಲಿಲ್ಲ. ಸುದ್ದಿ ಹೊರಬಿದ್ದು ಗದ್ದಲವಾಗಿ, ಒಂದು ವಾರ ತುಂಬುವ ಮೊದಲೇ ಅದು ವಾಪಸಾಯಿತು.

ಎರಡು ಆದೇಶಗಳೂ ದೂರದಿಂದ ಒಂದೇ ಥರ ಕಾಣುತ್ತವೆ. ಮೊದಲನೆಯದು ಈ ಮನುಷ್ಯನ ಮೇಲೆ 20 ನಿಮಿಷ ಕೆಲಸ ಮಾಡಿ, ಅವನ ದೇಹ ಕೊಟ್ಟ ಉತ್ತರ ನೋಡಿ ನಿಲ್ಲಿಸುತ್ತದೆ. ಎರಡನೆಯದು ಯಾರ ಮುಖವನ್ನೂ ನೋಡುವ ಮೊದಲೇ ತೀರ್ಮಾನ ಬರೆದಿಟ್ಟುಕೊಂಡಿರುತ್ತದೆ. ಬ್ರಿಟನ್ನಿನಲ್ಲೂ ಇದೇ ತಪ್ಪು ಬೇರೆ ರೂಪದಲ್ಲಿ ನಡೆಯಿತು. ಸಿಪಿಆರ್ ಬೇಡ ಎಂಬ ಟಿಪ್ಪಣಿಯನ್ನು ಅಲ್ಲಿ ವೃದ್ಧರ, ಅಂಗವಿಕಲರ ಕಡತಗಳಿಗೆ ಅವರನ್ನಾಗಲಿ ಮನೆಯವರನ್ನಾಗಲಿ ಕೇಳದೆ ಸೇರಿಸಿದ ದೂರುಗಳನ್ನು ಆರೋಗ್ಯ ಸೇವೆಗಳ ನಿಯಂತ್ರಕ ಸಂಸ್ಥೆಯಾದ ಕೇರ್ ಕ್ವಾಲಿಟಿ ಕಮಿಷನ್ 2021ರ ಮಾರ್ಚ್ ವರದಿಯಲ್ಲಿ ದಾಖಲಿಸಿತು. ವಯಸ್ಸು ನೋಡಿ, ವಿಳಾಸ ನೋಡಿ, ರೋಗದ ಹೆಸರು ನೋಡಿ ಗುಂಪಿಗೇ ಹಾಕುವ ಗೆರೆ ಅದು.

ಆಸ್ಪತ್ರೆಯ ಒಳಗೂ ಇಂಥ ಗೆರೆ ಎಳೆಯುವ ಒತ್ತಡವಿತ್ತು. ವುಹಾನಿನ ಒಂದು ಆಸ್ಪತ್ರೆಯಲ್ಲಿ ಹೃದಯ ನಿಂತು ಸಿಪಿಆರ್ ಪಡೆದ 136 ಕೊರೊನಾ ರೋಗಿಗಳಲ್ಲಿ ಒಂದು ತಿಂಗಳು ಬದುಕಿದವರು ಕೇವಲ ನಾಲ್ವರು. ಈ ಅಂಕಿ ಬಂದಾಗ, ಪಿಪಿಇ ಕಿಟ್ ತೊಟ್ಟು ಅಷ್ಟು ಸಿಬ್ಬಂದಿ ಅಪಾಯಕ್ಕೆ ಮೈಯೊಡ್ಡುವುದು ಯಾಕೆ ಎಂಬ ಚರ್ಚೆ ಎದ್ದಿತು. ಕೆಲವೇ ತಿಂಗಳಲ್ಲಿ ಅಮೆರಿಕದ 68 ಆಸ್ಪತ್ರೆಗಳ ಲೆಕ್ಕ ಬಂತು: ಐಸಿಯುವಿನಲ್ಲಿ ಸಿಪಿಆರ್ ಪಡೆದ 400 ಮಂದಿಯಲ್ಲಿ 48 ಮಂದಿ ಮನೆಗೆ ಹೋಗಿದ್ದರು. 45ರೊಳಗಿನವರಲ್ಲಿ ಶೇ 21 ಬದುಕಿದ್ದರೆ, 80 ದಾಟಿದವರಲ್ಲಿ ಶೇ 3. ವುಹಾನಿನ ಅಂಕಿಯನ್ನೇ ನಂಬಿ ಎಲ್ಲರಿಗೂ ಒಂದೇ ನಿಯಮ ಮಾಡಿದ್ದರೆ ಈ 48 ಜನ ಉಳಿಯುತ್ತಿರಲಿಲ್ಲ.

ನಮ್ಮಲ್ಲಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿಪಿಆರ್ ಬೇಡ ಎಂಬ ನಿರ್ಧಾರದ ಬಗ್ಗೆ ಮಾರ್ಗಸೂಚಿ ಪ್ರಕಟಿಸಿದ್ದು 2020ರಲ್ಲೇ. ಅದು ವಾಸಿಯಾಗದ ಕಾಯಿಲೆಯ ಕೊನೆಯ ಹಂತದಲ್ಲಿರುವಂಥವರಿಗೆ, ಚಿಕಿತ್ಸೆ ಕೊಡುತ್ತಿರುವ ವೈದ್ಯರು ರೋಗಿ ಅಥವಾ ಮನೆಯವರೊಂದಿಗೆ ಮಾತಾಡಿ ಮಾಡುವ ನಿರ್ಧಾರ. ಸಿಪಿಆರ್ ಬೇಡ ಎಂದು ಬರೆದ ಮಾತ್ರಕ್ಕೆ ಉಳಿದ ಚಿಕಿತ್ಸೆ ನಿಲ್ಲಿಸುವಂತಿಲ್ಲ ಎಂಬುದನ್ನೂ ಅದು ಸ್ಪಷ್ಟಪಡಿಸುತ್ತದೆ. ಮುಂದೆ ಐಸಿಯುವಿನ ಹೊರಗೆ ಯಾರಾದರೂ ಫಾರಂ ಮುಂದಿಟ್ಟರೆ ‘ಇದು ಸಿಪಿಆರ್‌ಗೆ ಮಾತ್ರವೋ, ವೆಂಟಿಲೇಟರ್‌ಗೂ ಅನ್ವಯಿಸುತ್ತದೋ, ನಮ್ಮ ತಂದೆಯ ವಿಷಯದಲ್ಲಿ ಯಾಕೆ ಹೀಗೆ ಹೇಳುತ್ತಿದ್ದೀರಿ’ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ಮಾತು, ಇದನ್ನು ನೀವು ಕೇಳಿರಲಿಲ್ಲ. ಆಂಬುಲೆನ್ಸ್ ಬರುವ ಮೊದಲಿನ ನಿಮಿಷಗಳಲ್ಲಿ ಪಕ್ಕದಲ್ಲಿರುವವರು ಎದೆ ಒತ್ತಿದ್ದಾರೋ ಇಲ್ಲವೋ ಎಂಬುದು ಆ 20 ನಿಮಿಷಗಳ ಫಲವನ್ನು ಬಹಳಷ್ಟು ನಿರ್ಧರಿಸುತ್ತದೆ. ಸೋಂಕಿನ ಭಯದಿಂದ ಆಗ ಅನೇಕರು ಮುಟ್ಟಲೂ ಹಿಂಜರಿದರು. ಸಿಯಾಟಲ್‌ನ ವೈದ್ಯರು 2020ರಲ್ಲೇ ಅಂದಾಜು ಹಾಕಿದ್ದರು: ಅಲ್ಲಿ ಅಂದಿದ್ದ ಸೋಂಕಿನ ಪ್ರಮಾಣದಲ್ಲಿ, ಬರಿಗೈಯಲ್ಲಿ ಸಿಪಿಆರ್ ಮಾಡಿದ 10,000 ಮಂದಿಯಲ್ಲಿ ಅದರಿಂದ ಜೀವ ಕಳೆದುಕೊಳ್ಳಬಹುದಾದವರು ಒಬ್ಬರು, ಅದೇ 10,000 ಪ್ರಯತ್ನಗಳಿಂದ ಉಳಿಯುವ ಜೀವಗಳು ನೂರಾರು. ವಯಸ್ಕರೊಬ್ಬರು ಕುಸಿದು ಬಿದ್ದು ಉಸಿರಾಡದಿದ್ದರೆ 108ಕ್ಕೆ ಕರೆ ಮಾಡಿ ಫೋನನ್ನು ಸ್ಪೀಕರ್‌ಗೆ ಹಾಕಿ, ಸೋಂಕಿನ ಅಂಜಿಕೆಯಿದ್ದರೆ ಅವರ ಬಾಯಿ ಮೂಗಿನ ಮೇಲೆ ತೆಳು ಬಟ್ಟೆ ಹೊದಿಸಿ, ಎದೆಯ ನಡುವೆ ಒತ್ತಲು ಶುರು ಮಾಡಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕಿಲ್ಲ.