ತೌಡಿನಲ್ಲಿ ರಂಜಕ ಇದೆ, ಮೀನಿಗೆ ದಕ್ಕುವುದಿಲ್ಲ

ಮಂಡ್ಯ ಕಡೆ ಕೆರೆಯಲ್ಲೋ ಕೃಷಿ ಹೊಂಡದಲ್ಲೋ ಕಾಟ್ಲಾ, ರೋಹು, ಗೆಂಡೆ ಬಿಟ್ಟವರು ಮೇವಿಗೆ ಮೊದಲು ಹುಡುಕುವುದು ಅಕ್ಕಿ ತೌಡು, ಕಡಲೆಕಾಯಿ ಹಿಂಡಿ. ನಾಲೆ ಬಯಲಿನಲ್ಲಿ ಭತ್ತ ಬೆಳೆಯುತ್ತದೆ, ರೈಸ್ ಮಿಲ್ಲೂ ಹತ್ತಿರವೇ ಇರುತ್ತದೆ, ತೌಡಿಗೆ ಬರ ಇಲ್ಲ. ಅದರಲ್ಲಿ ರಂಜಕವೂ (ಫಾಸ್ಫರಸ್) ಧಾರಾಳ. ಆದರೆ ಬಹುಪಾಲು ರಂಜಕ ಫೈಟೇಟ್ ಅನ್ನೋ ರೂಪದಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಡಿಸುವ ಕಿಣ್ವ ಮೀನಿನ ಕರುಳಿನಲ್ಲಿ ಸಾಕಷ್ಟಿಲ್ಲ. ಸಾಲದ್ದಕ್ಕೆ ಈ ಫೈಟೇಟ್ ಸತು, ಕಬ್ಬಿಣ, ಪ್ರೋಟೀನನ್ನೂ ಹಿಡಿದುಕೊಂಡು ಹಿಕ್ಕೆಯ ಜೊತೆ ಹೊರಗೆ ಹೋಗುತ್ತದೆ.

ಸರಿ, ರಂಜಕ ಬೇರೆಯಾಗಿ ಬೆರೆಸಿದರಾಯಿತು ಅಲ್ವಾ? ಇಲ್ಲೇ ನಿಜವಾದ ವಿಷಯ ಇರುವುದು. ಗೆಂಡೆ, ಕಾಟ್ಲಾ, ರೋಹು ಇವಕ್ಕೆಲ್ಲ ಜಠರವೇ ಇಲ್ಲ. ತಿಂದ ಮೇವು ನೇರವಾಗಿ ಕರುಳಿಗೆ ಇಳಿಯುತ್ತದೆ, ದಾರಿಯಲ್ಲಿ ಆಮ್ಲ ಸಿಗುವುದಿಲ್ಲ. ಕ್ಯಾಲ್ಸಿಯಂ ಜೊತೆ ಗಟ್ಟಿಯಾಗಿ ಕೂತ ರಂಜಕ ಕರಗಬೇಕಾದರೆ ಆಮ್ಲವೇ ಬೇಕು. 1979ರಲ್ಲಿ ಜಪಾನಿನ ಸಂಶೋಧಕರು ಇದನ್ನು ಅಳೆದು ತೋರಿಸಿದರು: ರಂಜಕ, ಕ್ಯಾಲ್ಸಿಯಂ ಸೇರಿದ ಲವಣಗಳಲ್ಲಿ ಸುಲಭವಾಗಿ ಕರಗುವ ಮೋನೋಕ್ಯಾಲ್ಸಿಯಂ ಫಾಸ್ಫೇಟಿನ ರಂಜಕದಲ್ಲಿ ಶೇ 94ರಷ್ಟನ್ನು ಗೆಂಡೆ ಮೀನು ಹೀರಿಕೊಂಡಿತು, ಅದಕ್ಕಿಂತ ಕಷ್ಟದಲ್ಲಿ ಕರಗುವ ಡೈಕ್ಯಾಲ್ಸಿಯಂನಲ್ಲಿ ಶೇ 46, ಎಲ್ಲಕ್ಕಿಂತ ಗಟ್ಟಿಯಾದ ಟ್ರೈಕ್ಯಾಲ್ಸಿಯಂನಲ್ಲಿ ಬರೀ ಶೇ 13. ಜಠರ ಇರುವ ಟ್ರೌಟ್ ಮೀನು ಅದೇ ಟ್ರೈಕ್ಯಾಲ್ಸಿಯಂನಿಂದ ಶೇ 64ರಷ್ಟು ತೆಗೆದುಕೊಂಡಿತು. ಹಸುವಿಗೆ ತಂದ ಮಿನರಲ್ ಮಿಕ್ಸ್ಚರನ್ನೇ ಮೀನಿಗೂ ಒಂದು ಹಿಡಿ ಹಾಕುವವರಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಡೈಕ್ಯಾಲ್ಸಿಯಂ, ಅಂದರೆ ರಂಜಕಕ್ಕೆ ಕೊಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರುಪಾಲು.

ನೀರುಪಾಲು ಅಂದದ್ದು ಸುಮ್ನೆ ಮಾತಿಗಲ್ಲ. ಮೀನಿಗೆ ದಕ್ಕದ ರಂಜಕ ಹೊಂಡದಲ್ಲೇ ಉಳಿದು ಪಾಚಿಗೆ ಗೊಬ್ಬರವಾಗುತ್ತದೆ. ಹಗಲು ಆಮ್ಲಜನಕ ಬಿಡುವ ಪಾಚಿ ರಾತ್ರಿ ಅದನ್ನೇ ಎಳೆದುಕೊಳ್ಳುತ್ತದೆ. ಪಾಚಿ ಅತಿಯಾದರೆ ಬೆಳಗಿನ ಜಾವದಲ್ಲಿ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತದೆ, ಒಂದೊಂದು ಸಲ ಸತ್ತೇ ಹೋಗುತ್ತದೆ.

ಕ್ಯಾಲ್ಸಿಯಂ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮೀನು ತನಗೆ ಬೇಕಾದ ಕ್ಯಾಲ್ಸಿಯಂನ ದೊಡ್ಡ ಪಾಲನ್ನು ಕಿವಿರಿನ ಮೂಲಕ ನೀರಿನಿಂದಲೇ ಎಳೆದುಕೊಳ್ಳುತ್ತದೆ. ನೀರಿನಲ್ಲಿ ರಂಜಕ ತೀರಾ ಕಡಿಮೆ, ಅದು ಮೇವಿನಿಂದಲೇ ಬರಬೇಕು. ಹಾಗಿರುವಾಗ ಮುಳ್ಳು ಗಟ್ಟಿಯಾಗಲಿ ಅಂತ ಮೇವಿಗೆ ಕ್ಯಾಲ್ಸಿಯಂ ಸುರಿದರೆ ಸತುವಿನ ಹೀರುವಿಕೆಗೆ ಏಟು ಬೀಳುತ್ತದೆ, ಅದೂ ಫೈಟೇಟ್ ಇರುವ ಮೇವಿನಲ್ಲಿ ಇನ್ನೂ ಜಾಸ್ತಿ. ಸತು ಕಡಿಮೆಯಾದ ಮೀನು ಬೆಳೆಯುವುದಿಲ್ಲ, ರೆಕ್ಕೆಯ ಅಂಚು ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ನೋಡುವುದಕ್ಕೆ ರೋಗದ ಹಾಗೇ ಕಾಣುವುದರಿಂದ ಜನ ಔಷಧಿ ಹುಡುಕಲು ಹೊರಡುತ್ತಾರೆ.

ಫೈಟೇಸ್ ಕಿಣ್ವ ಈಗ ಪುಡಿಯಾಗಿ ಸಿಗುತ್ತದೆ, ಫೈಟೇಟನ್ನು ಒಡೆಯುವುದೇ ಅದರ ಕೆಲಸ. ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ಹುಳಿ ಇರುವ ಕಡೆ. ಜಠರವಿಲ್ಲದ ಮೀನಿಗೆ ಅದನ್ನು ಮೇವಿನ ಮೇಲೆ ಉದುರಿಸಿ ಬಿಟ್ಟರೆ ಪೂರ್ತಿ ಫಲ ಸಿಗುವುದಿಲ್ಲ. ಅದಕ್ಕೇ ತೌಡು, ಹಿಂಡಿಯನ್ನು ಸ್ವಲ್ಪ ಸಿಟ್ರಿಕ್ ಆಮ್ಲದ ಜೊತೆ ಒದ್ದೆ ಮಾಡಿ, ಫೈಟೇಸ್ ಬೆರೆಸಿ, ಕೆಲವು ಗಂಟೆ ಇಟ್ಟು, ಆಮೇಲೆ ಮೇವು ಮಾಡುವ ವಿಧಾನವೂ ಇದೆ. ಜಠರ ಮಾಡಬೇಕಾದ ಕೆಲಸ ಆಗ ಬಕೆಟ್ಟಿನಲ್ಲೇ ಆಗಿರುತ್ತದೆ.