ಹಕ್ಕಿ ಅಂದರೂ ಅಕ್ಕಿ, ಅಕ್ಕಿ ಅಂದರೂ ಅಕ್ಕಿ

ಹೋದ ವರ್ಷ ಜೂನ್‌ನಲ್ಲಿ ಒಬ್ಬ ತಂದೆ ಬಣ್ಣದ ಫೈಲ್ ಹಿಡಿದು ಶಾಲೆಗೆ ಬಂದರು. ಮಗ ನಾಲ್ಕನೇ ಕ್ಲಾಸು. "ಮೇಷ್ಟ್ರೇ, ಇವನು ವಿಶುವಲ್ ಲರ್ನರ್ ಅಂತೆ. ಕಿವೀಲಿ ಕೇಳಿದ್ದು ತಲೆಗೆ ಹೋಗಲ್ವಂತೆ. ಇನ್ಮೇಲೆ ಎಲ್ಲಾ ಚಿತ್ರದಲ್ಲೇ ಹೇಳಿಕೊಡಿ" ಅಂದರು. ಯಾರೋ ಹುಡುಗನ ಹತ್ತೂ ಬೆರಳಿನ ಗುರುತು ತೆಗೆದು, ಸಾವಿರಾರು ರೂಪಾಯಿ ಇಸಿದುಕೊಂಡು, ಅವನ ಬುದ್ಧಿ ಎಂಥದು ಅಂತ 40 ಪುಟ ಬರೆದುಕೊಟ್ಟಿದ್ದರು.

ಬೆರಳಿನ ಗೆರೆ ಮೂಡಿ ಮುಗಿಯುವುದು ತಾಯಿ ಹೊಟ್ಟೆಯಲ್ಲೇ, ಆರು ತಿಂಗಳು ತುಂಬುವಷ್ಟರಲ್ಲಿ. ಆಮೇಲೆ ಮಗು ಕೇಳಿದ ಕತೆ, ಎಣಿಸಿದ ಹುಣಸೆ ಬೀಜ, ತಿಂದ ಬೈಗುಳ ಯಾವುದೂ ಆ ಗೆರೆಗೆ ಗೊತ್ತಿಲ್ಲ. ಆದರೂ ಪಾಪ, ಆ ತಂದೆಯನ್ನು ಬೈಯುವ ಹಾಗಿಲ್ಲ. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಅಂತ ಮಕ್ಕಳನ್ನು ಮೂರು ಗೂಡಿಗೆ ಹಾಕುವ ಪಾಠವನ್ನು ತರಬೇತಿಗಳಲ್ಲಿ ನಾನೇ ಬರೆದುಕೊಂಡಿದ್ದೇನೆ, ಬೇರೆಯವರಿಗೆ ಹೇಳಿಯೂ ಇದ್ದೇನೆ.

2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಅಮೆರಿಕದ ಮನಶ್ಶಾಸ್ತ್ರಜ್ಞರು ಈ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಜಾಲಾಡಿದರು. ಅವರು ಹುಡುಕಿದ್ದು ಇಷ್ಟೇ: 'ನೋಡುವ' ಮಗುವಿಗೆ ಚಿತ್ರದಲ್ಲಿ, 'ಕೇಳುವ' ಮಗುವಿಗೆ ಮಾತಲ್ಲಿ ಕಲಿಸಿದರೆ, ಅದಲುಬದಲು ಮಾಡಿ ಕಲಿಸಿದ್ದಕ್ಕಿಂತ ಇಬ್ಬರೂ ಚೆನ್ನಾಗಿ ಕಲಿಯುತ್ತಾರಾ? ಹೌದು ಅನ್ನುವಷ್ಟು ಪುರಾವೆ ಸಿಗಲಿಲ್ಲ. ಯೋಚಿಸಿದರೆ ಆಶ್ಚರ್ಯವೂ ಇಲ್ಲ ಬಿಡಿ. ಕಾವೇರಿ ಎಲ್ಲಿಂದ ಎಲ್ಲಿಗೆ ಹರಿಯುತ್ತಾಳೆ ಅಂತ ತಿಳಿಯಲು ಎಲ್ಲರಿಗೂ ನಕ್ಷೆ ಬೇಕು, ಪದ್ಯದ ಧಾಟಿ ಹಿಡಿಯಲು ಎಲ್ಲರಿಗೂ ಕಿವಿ ಬೇಕು.

ಹಾಗಂತ ಮಕ್ಕಳೆಲ್ಲ ಒಂದೇ ಅಂತಲ್ಲ. ವ್ಯತ್ಯಾಸ ಇದೆ, ಬೇಕಾದಷ್ಟಿದೆ. ನಾವು ಹುಡುಕುವ ಜಾಗದಲ್ಲಿಲ್ಲ ಅಷ್ಟೇ.

ಮೈಸೂರು ಸೀಮೆಯ ನಮ್ಮ ಹಳ್ಳಿಗಳಲ್ಲಿ ಮಾತಾಡುವಾಗ ಹಕಾರ ಬಿದ್ದುಹೋಗುತ್ತದೆ. ಹಾಲು ಆಲು, ಹಾವು ಆವು, ಹಕ್ಕಿ ಅಕ್ಕಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಹಕ್ಕಿ ಚಿತ್ರ ತೋರಿಸಿ ಯಾವ ಅಕ್ಷರ ಅಂದರೆ ದಿನಾ 'ಅ' ಮೇಲೆ ಬೆರಳಿಡುತ್ತಿದ್ದಳು. ತಪ್ಪು ಅಂದೆ. ಮತ್ತೆ ತಪ್ಪು ಅಂದೆ. ಒಂದು ವಾರ ಆದ ಮೇಲೆ ಅವಳು ಬೆರಳಿಡುವುದನ್ನೇ ನಿಲ್ಲಿಸಿದಳು. ಮೂರು ತಿಂಗಳು ಬಾಯಿ ಬಿಡಲಿಲ್ಲ. ಅವಳ ಮನೆಯಲ್ಲಿ ಹಕ್ಕಿ ಅಂದರೂ ಅಕ್ಕಿ, ಅಕ್ಕಿ ಅಂದರೂ ಅಕ್ಕಿ. ಕಿವಿಗೆ ಕೇಳಿದ್ದಕ್ಕೆ ಸರಿಯಾದ ಅಕ್ಷರವನ್ನೇ ತೋರಿಸಿದ್ದಳು ಅಲ್ವಾ? ಅವಳ ಕಿವಿ ನನ್ನದಕ್ಕಿಂತ ಚುರುಕಾಗಿತ್ತು. ಪಕ್ಕದಲ್ಲಿ ಕೂತ ಬ್ಯಾಂಕ್ ಉದ್ಯೋಗಿಯ ಮಗ ಅದೇ ಚಿತ್ರಕ್ಕೆ 'ಹ' ತೋರಿಸಿ ಜಾಣ ಅನಿಸಿಕೊಂಡ. ಅವನು ಶಾಲೆಗೆ ಬರುವಾಗಲೇ ಶಾಲೆಯ ಕನ್ನಡ ತಂದಿದ್ದ, ಅಷ್ಟೇ ವ್ಯತ್ಯಾಸ. ಹಾಡಿಯಿಂದ ಬರುವ ಜೇನುಕುರುಬರ ಮಕ್ಕಳು, ಮನೆಯಲ್ಲಿ ಉರ್ದು ಅಥವಾ ಲಂಬಾಣಿ ಆಡುವ ಮಕ್ಕಳು ಇನ್ನೂ ದೂರದಿಂದ ನಡೆದು ಬರಬೇಕು.

ಲೆಕ್ಕದಲ್ಲೂ ಇದೇ ಕತೆ. ಸಂತೆಯಲ್ಲಿ ಅಮ್ಮನ ಜೊತೆ ಸೊಪ್ಪು ಮಾರುವ ಹುಡುಗ 37 ರೂಪಾಯಿ ವ್ಯಾಪಾರಕ್ಕೆ 100ರ ನೋಟು ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ 63 ಎಣಿಸಿ ಕೊಡುತ್ತಾನೆ. 37ಕ್ಕೆ 3 ಸೇರಿಸಿ 40 ಮಾಡಿಕೊಂಡ, ಅಲ್ಲಿಂದ 60. ಅದೇ ಹುಡುಗ ಸ್ಲೇಟಿನ ಮೇಲೆ 100ರಲ್ಲಿ 37 ಕಳೆ ಅಂದರೆ ಸೊನ್ನೆಯ ಪಕ್ಕದ ಸೊನ್ನೆಯಿಂದ ಸಾಲ ತರಲು ಹೋಗಿ ಸುಮ್ನೆ ಒದ್ದಾಡುತ್ತಾನೆ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ಮಾರಾಟ ಮಾಡುವ ಐದು ಮಕ್ಕಳನ್ನು ಸಂಶೋಧಕರು ಹೀಗೇ ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ್ದರು. ವ್ಯಾಪಾರ ಮಾಡುತ್ತಾ ಹಾಕಿದ ಲೆಕ್ಕದಲ್ಲಿ ಶೇ. 98 ಸರಿ, ಅಂಥದ್ದೇ ಲೆಕ್ಕ ಬರೀ ಅಂಕಿಯಾಗಿ ಎದುರಿಗೆ ಬಂದಾಗ ಶೇ. 37.

ಆಮೇಲೆ ನೆನಪಿನ ವಿಷಯ. "ಪುಸ್ತಕ ತೆಗೀರಿ, 42ನೇ ಪುಟ, ಮೂರನೇ ಲೆಕ್ಕ, ಮೊದಲು ಚಿತ್ರ ಬರೀರಿ, ಆಮೇಲೆ ಬಿಡಿಸಿ" ಅಂತ ನಾವು ಒಂದೇ ಉಸಿರಿಗೆ ಹೇಳುತ್ತೇವೆ. ಅರ್ಧ ನಿಮಿಷ ಆದಮೇಲೆ ಒಬ್ಬ ಪುಸ್ತಕ ಮಾತ್ರ ತೆಗೆದಿಟ್ಟುಕೊಂಡು ಕಿಟಕಿ ನೋಡುತ್ತಾ ಕೂತಿರುತ್ತಾನೆ. ಗಮನವಿಲ್ಲ ಅಂತ ಗದರುತ್ತೇವೆ. ಕೇಳಿದ್ದನ್ನು ಕೆಲಸ ಮುಗಿಯುವ ತನಕ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಮಗುವಿಂದ ಮಗುವಿಗೆ ಎಷ್ಟು ಬೇರೆ ಅಂದರೆ, 7–8 ವರ್ಷದ 30 ಮಕ್ಕಳಿರುವ ತರಗತಿಯಲ್ಲಿ ಮೂವರಿಗಾದರೂ ಅದು 4 ವರ್ಷದ ಮಗುವಿನಷ್ಟಿರಬಹುದು, ಇನ್ನು ಮೂವರಿಗೆ 11 ವರ್ಷದವರಷ್ಟಿರಬಹುದು ಅನ್ನುತ್ತಾರೆ ಇದರ ಮೇಲೆ ಕೆಲಸ ಮಾಡಿದ ಬ್ರಿಟನ್ನಿನ ಸೂಸನ್ ಗ್ಯಾದರ್‌ಕೋಲ್. ಇಂಥ ಮಗುವಿಗೆ ಚಿತ್ರ ತೋರಿಸಿದರೆ ಸಾಲದು. ಒಂದೊಂದೇ ಹೇಳಬೇಕು, ಬೋರ್ಡಿನ ಮೂಲೆಯಲ್ಲಿ ಬರೆದಿಡಬೇಕು.

ಕಣ್ಣು ಕಿವಿಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಆದರೆ ಮೊದಲು ನೋಡಬೇಕಾದ್ದು ಅದನ್ನೇ. ಬೋರ್ಡಿನದನ್ನು ತಪ್ಪು ಇಳಿಸಿಕೊಳ್ಳುವವನು, ಕಿವಿ ಸೋರುವವಳು, ಬೆಳಿಗ್ಗೆ ತಿಂಡಿ ತಿನ್ನದೆ ಬಂದು ಹನ್ನೊಂದು ಗಂಟೆಗೇ ಮೇಜಿನ ಮೇಲೆ ತಲೆ ಇಡುವವರು.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಗಣಿತದಲ್ಲಿ ಹೊಸ ವಿಷಯ ಕಲಿಯುವವನಿಗೆ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿದ ಲೆಕ್ಕ ಬೇಕು. ಅದನ್ನು ಆಗಲೇ ಬಲ್ಲವನಿಗೆ ಅದೇ ಮೆಟ್ಟಿಲು ಕಾಲಿಗೆ ತೊಡಕು, ಅವನಿಗೆ ನೇರ ಲೆಕ್ಕ ಕೊಟ್ಟು ಬಿಟ್ಟುಬಿಡುವುದೇ ಒಳ್ಳೆಯದು. ಮಜಾ ಏನಂದರೆ, ಈ ಇಬ್ಬರೂ ಕನ್ನಡ ವ್ಯಾಕರಣಕ್ಕೆ ಬಂದಾಗ ಜಾಗ ಬದಲಾಯಿಸಿಕೊಂಡಿರಬಹುದು. ಹಾಗಾಗಿ 'ಈ ಹುಡುಗ ಇಂಥ ನಮೂನೆ' ಅಂತ ಹಣೆಗೆ ಚೀಟಿ ಅಂಟಿಸಿದ ದಿನವೇ ನಾವು ನೋಡುವುದನ್ನು ಬಿಟ್ಟಿರುತ್ತೇವೆ. ಅಕ್ಷರ, ಅಂಕಿ, ಭಿನ್ನರಾಶಿ, ಒಂದೊಂದಕ್ಕೂ ಅವನ ಹತ್ತಿರ ಆಗಲೇ ಏನಿದೆ ಅಂತ ಹೊಸದಾಗಿ ಕೇಳಬೇಕು.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ನನಗೆ ಇಷ್ಟವಾಗಿದ್ದು ಇದಕ್ಕೇ. ಆಂಧ್ರದ ರಿಷಿ ವ್ಯಾಲಿ ಶಾಲೆಯವರ ಮಾದರಿ ನೋಡಿಕೊಂಡು ಬಂದು ನಮ್ಮದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರು ಮಾಡಿದ್ದು, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಒಂದೊಂದು ಮಗುವೂ ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತುತ್ತದೆ, ವಾರಗಟ್ಟಲೆ ಶಾಲೆ ತಪ್ಪಿಸಿ ಬಂದರೂ ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯುತ್ತದೆ. ಮೇಷ್ಟ್ರ ಸಹಾಯ ಬೇಕಾದವರಿಂದ ಹಿಡಿದು ತಾವೇ ಕಲಿಯುವವರ ತನಕ ಐದು ಗುಂಪು. ಕಾಗದದ ಮೇಲೆ ಗುಂಪು ದಿನಾ ಬದಲಾಗಬೇಕು. ಒಬ್ಬನೇ ಮೇಷ್ಟ್ರು, ಮೂರು ತರಗತಿ, ಜೊತೆಗೆ ಬಿಸಿಯೂಟದ ಲೆಕ್ಕ ಅಂತ ಆದಾಗ ಮಾತ್ರ ಅದು ತಿಂಗಳುಗಟ್ಟಲೆ ಬದಲಾಗದೆ ಉಳಿದುಬಿಡುತ್ತದೆ. ನನ್ನ ಕ್ಲಾಸಲ್ಲೂ ಉಳಿದಿದೆ.

ಫೈಲಿನ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನನ್ನು ಪಕ್ಕ ಕೂರಿಸಿಕೊಂಡು ಒಂದು ಪುಟ ಓದಿಸಿದೆ. ಕಾಗುಣಿತದವರೆಗೆ ಸಲೀಸು. 'ಅಕ್ಕ', 'ಅಮ್ಮ' ಬರುತ್ತವೆ. 'ಪುಸ್ತಕ' ಬಂದಾಗ ನಿಂತ, 'ಲಕ್ಷ್ಮಿ' ಬಂದಾಗ ಊಹೆ ಮಾಡಿದ. ಬೇರೆ ಜಾತಿಯ ಒತ್ತಕ್ಷರ ಅವನಿಗೆ ಇನ್ನೂ ಕೂತಿರಲಿಲ್ಲ, ಓದಿ ಹೇಳಿದ್ದನ್ನು ಕೇಳಿಸಿಕೊಂಡರೆ ಪಾಠವೆಲ್ಲ ಅರ್ಥವಾಗುತ್ತಿತ್ತು. ಅಂದರೆ ಕಿವಿಯೇ ಅವನ ಬಲ! ಕನ್ನಡದ ಅಕ್ಷರಗಳು ಪೂರ್ತಿ ಕೈಗೆ ಬರಲು ನಾಲ್ಕನೇ ಕ್ಲಾಸಿನವರೆಗೂ ಹಿಡಿಯುತ್ತದೆ ಅನ್ನುವುದನ್ನು ಸೊನಾಲಿ ನಾಗ್ 2007ರ ಅಧ್ಯಯನದಲ್ಲಿ ತೋರಿಸಿದ್ದಾರೆ, ಹಾಗಾಗಿ ಗಾಬರಿ ಬೀಳುವ ಮಾತೇನಲ್ಲ ಅಂತ ತಂದೆಗೆ ಹೇಳಿದೆ. ದಿನಾ ಹತ್ತು ನಿಮಿಷ, ಒಂದು ದಿನಕ್ಕೆ ಒಂದೇ ಒತ್ತು, ಅಪ್ಪ ಹೇಳುವುದು, ಮಗ ಬರೆಯುವುದು.

"ಹಾಗಾದ್ರೆ ಈ ಫೈಲು?" ಅಂದರು. ತಿರುಗಿಸಿ ನೋಡಿದೆ. ಒಳ್ಳೆ ದಪ್ಪ ಕಾಗದ, ಹಿಂಬದಿ ಎಲ್ಲಾ ಖಾಲಿ. ದೀಪಾವಳಿ ಹೊತ್ತಿಗೆ 40 ಪುಟದ ಹಿಂಬದಿಯಲ್ಲೂ ಒತ್ತಕ್ಷರ ತುಂಬಿಸಿಕೊಂಡು ತಂದು ತೋರಿಸಿದ.