ಗಂಡನಿಂದ ದೂರ ಇದ್ದೇನೆ, ಕೈ ಬಿಗಿಯಿದೆ: ಒಂದು ಮೊಳ ಮಲ್ಲಿಗೆ ಕೊಂಡರೆ ದುಂದೇ?

ಪ್ರಶ್ನೆ: ಎಂಟು ತಿಂಗಳಿಂದ ಗಂಡನಿಂದ ಬೇರೆ ಇದ್ದೇನೆ. ತವರು ಮಂಡ್ಯ, ಕೆಲಸ ಮೈಸೂರಿನಲ್ಲಿ. ಬಾಡಿಗೆ ಮನೆ, ಒಂಬತ್ತು ವರ್ಷದ ಮಗ, ಕೈಗೆ ಬರುವ ಸಂಬಳ 24,000 ರೂಪಾಯಿ. ಕೇಸು ನಡೆಯುತ್ತಿದೆ, ಜೀವನಾಂಶ ಇನ್ನೂ ಶುರುವಾಗಿಲ್ಲ. ತಿಂಗಳ ಮೊದಲ ಮೂರು ವಾರ ಒಂದು ಕಾಫಿಗೂ ಹಿಂದೆ ಮುಂದೆ ನೋಡುತ್ತೇನೆ. ಕೊನೆಯ ವಾರ ಯಾವುದೋ ಒಂದು ರಾತ್ರಿ ಮೊಬೈಲಿನಲ್ಲಿ ಎರಡು ಸಾವಿರ ಹೋಗಿಬಿಡುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ತಪ್ಪು ಆ ಕೊನೆಯ ರಾತ್ರಿಯದ್ದಲ್ಲ, ಅದಕ್ಕೆ ಮುಂಚಿನ ಮೂರು ವಾರಗಳದ್ದು. ಮನಸ್ಸಿಗೆ ಬೇಕಾದದ್ದಕ್ಕೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲೂ ಇಲ್ಲದಿದ್ದರೆ ಅದು ಬಾಡಿಗೆ ಹಣದಿಂದಲೋ ಸ್ಕೂಲ್ ಫೀಸಿನಿಂದಲೋ ಕಿತ್ತುಕೊಂಡು ಹೋಗುತ್ತದೆ. ಅದೂ ಸುಸ್ತಾಗಿ, ಒಬ್ಬರೇ ಕೂತಿರುವ ಹೊತ್ತಿನಲ್ಲಿ. ಆಗ ಕೊಂಡದ್ದು ಸಂತೋಷವನ್ನೂ ಕೊಡುವುದಿಲ್ಲ. ಆದ್ದರಿಂದ ಸಣ್ಣ ಸುಖದ ಹಣವನ್ನು ಸಂಬಳ ಬಂದ ದಿನವೇ, ಬಾಡಿಗೆ ಎತ್ತಿಡುವ ಹಾಗೆ ಎತ್ತಿಡಿ.

ನಿಮ್ಮ ಸಂಬಳಕ್ಕೆ ಹೊಂದುವ ಒಂದು ಲೆಕ್ಕ ಹೀಗಿರಬಹುದು. ಬಾಡಿಗೆ ಮತ್ತು ನೀರು 7,500. ದಿನಸಿ, ತರಕಾರಿ, ಹಾಲು 6,000. ಗ್ಯಾಸಿಗೆ 500. ಮಗನ ಶಾಲೆಗೆ ತಿಂಗಳಿಗೆ 3,000 ಎತ್ತಿಡಿ, ಫೀಸ್ ವರ್ಷಕ್ಕೆರಡು ಸಲ ಕಟ್ಟುವುದಾದರೂ ಸರಿ. ಓಡಾಟ ಮತ್ತು ಫೋನಿಗೆ 900, ಔಷಧಿಗೆ 600, ಕೇಸಿನ ಖರ್ಚಿಗೆ 1,500, ಬಟ್ಟೆ ಮತ್ತು ಹಬ್ಬಕ್ಕೆ 1,000, ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಉಳಿತಾಯವಾದ ಆರ್‌.ಡಿ.ಗೆ 1,800. ಉಳಿಯುವುದು 1,200, ಅಂದರೆ ನೂರಕ್ಕೆ ಐದು. ಆ 1,200 ಪೂರ್ತಿ ನಿಮ್ಮ ಸಣ್ಣ ಸುಖಕ್ಕೆ. ಅದನ್ನು ಉಳಿತಾಯಕ್ಕೆ ಸೇರಿಸುವ ಆಸೆ ಖಂಡಿತ ಬರುತ್ತದೆ, ಸೇರಿಸಬೇಡಿ.

ಈ ಹಣ ನೋಟಿನಲ್ಲಿರಲಿ, ಯುಪಿಐ ಬೇಡ. ವಾರಕ್ಕೊಂದರಂತೆ ನಾಲ್ಕು ಲಕೋಟೆಗಳಲ್ಲಿ 250ರ ಹಾಗೆ ಹಾಕಿ. ಅದರಲ್ಲಿ 100 ನಿಮ್ಮೊಬ್ಬರಿಗೆ, 150 ಮಗನ ಜೊತೆಗೆ. ಉಳಿದ 200 ಐದನೇ ಭಾನುವಾರಕ್ಕೋ ಯಾರಾದರೂ ಮನೆಗೆ ಬಂದಾಗಲೋ ಇರಲಿ. ನಿಯಮ ಒಂದೇ: ಈ ವಾರ ಮಿಕ್ಕಿದ್ದು ಮುಂದಿನ ವಾರಕ್ಕೆ ಸೇರಬಹುದು, ಮುಂದಿನ ವಾರದ್ದನ್ನು ಈ ವಾರ ಮುಟ್ಟುವ ಹಾಗಿಲ್ಲ. ಈ ಪದ್ಧತಿ ಕೆಡುವುದು ಸಾಮಾನ್ಯವಾಗಿ ಎರಡನೇ ತಿಂಗಳಲ್ಲಿ, ಮೂರನೇ ಲಕೋಟೆಯಿಂದ ಗ್ಯಾಸ್ ಸಿಲಿಂಡರಿಗೆ ಹಣ ತೆಗೆದಾಗ. ಹಾಗಾದರೆ ಗ್ಯಾಸಿನ ಸಾಲಿಗೆ ಹಾಕಿದ್ದು ಕಡಿಮೆಯಾಯಿತು ಎಂದರ್ಥ. ಆ ಸಾಲನ್ನು ಸರಿಮಾಡಿ, ಲಕೋಟೆಯನ್ನು ಹಾಗೇ ಬಿಡಿ. ಮೊಬೈಲಿನ ಶಾಪಿಂಗ್ ಆ್ಯಪ್‌ಗಳಿಂದ ಕಾರ್ಡಿನ ವಿವರ ಅಳಿಸಿ. ರಾತ್ರಿ ಒಂಬತ್ತರ ಮೇಲೆ ಕಾರ್ಟಿಗೆ ಹಾಕಿದ್ದನ್ನು ಮಾರನೇ ದಿನ ಮಧ್ಯಾಹ್ನವೇ ಕೊಳ್ಳುವುದು ಎಂದು ಕಟ್ಟು ಮಾಡಿಕೊಂಡರೆ ಬಹಳಷ್ಟು ವಸ್ತು ಅಲ್ಲೇ ಉಳಿಯುತ್ತವೆ.

ಕತ್ತರಿ ಎಲ್ಲಿಗೆ ಹಾಕಬೇಕು?

ಹೂವಿಗೂ ಕಾಫಿಗೂ ಅಲ್ಲ. ದಿನಕ್ಕೊಂದು ಹೋಟೆಲ್ ಕಾಫಿ ಬಿಟ್ಟರೆ ತಿಂಗಳಿಗೆ ಐದಾರು ನೂರು ಉಳಿಯಬಹುದು. ಬಾಡಿಗೆಯಲ್ಲಿ, ಹಳೆಯ ಸಾಲದಲ್ಲಿ, ಗೊತ್ತಿಲ್ಲದೆ ಕಟ್ ಆಗುತ್ತಿರುವ ಕಂತುಗಳಲ್ಲಿ ಸಾವಿರಗಟ್ಟಲೆ ಇರುತ್ತದೆ. ಬ್ಯಾಂಕಿನ ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆದು ಕೆಂಪು ಪೆನ್ನು ಹಿಡಿದು ಕೂತುಕೊಳ್ಳಿ. ಇಬ್ಬರ ಹೆಸರಿನ ಖಾತೆಯಿಂದ ಹೋಗುತ್ತಿರುವ ಆಟೋ ಪೇ, ನೋಡದೇ ಇರುವ ಒಟಿಟಿ, ಹಳೆ ಮನೆಯ ಇಂಟರ್‌ನೆಟ್ ಸಿಗುತ್ತವೆ. ಸಂಬಳ ಈಗಲೂ ಜಂಟಿ ಖಾತೆಗೆ ಬೀಳುತ್ತಿದ್ದರೆ ಮೊದಲು ಒಬ್ಬರ ಹೆಸರಿನ ಖಾತೆ ಮಾಡಿಸಿ ಆಫೀಸಿಗೆ ತಿಳಿಸಿ. ನಾಮಿನಿ ಬದಲಾಯಿಸುವುದೂ ಆಗಲೇ ಆಗಲಿ. ಗೃಹಸಾಲಕ್ಕೆ ನೀವೂ ಸಹಿ ಹಾಕಿದ್ದರೆ ಗಂಡ ಕಂತು ತಪ್ಪಿಸಿದಾಗ ಬ್ಯಾಂಕು ನಿಮ್ಮನ್ನೂ ಕೇಳುತ್ತದೆ, ಮುಂದೆ ಸಾಲ ಕೊಡುವವರು ನೋಡುವ ನಿಮ್ಮ ಸಿಬಿಲ್ ಅಂಕವೂ ಇಳಿಯುತ್ತದೆ. ಇದನ್ನು ವಕೀಲರಿಗೆ ಮೊದಲ ದಿನವೇ ಹೇಳಬೇಕು.

ಬಾಡಿಗೆ ಉಳಿಸಲು ಲೀಸಿಗೆ ಮನೆ ಹಿಡಿಯುವ ಯೋಚನೆ ಮೈಸೂರಿನಲ್ಲಿ ಎಲ್ಲರಿಗೂ ಬರುತ್ತದೆ. ಕೇಸು ಮುಗಿಯುವವರೆಗೆ ಬೇಡ. ಒಡವೆ ಅಡವಿಟ್ಟು ನಾಲ್ಕೈದು ಲಕ್ಷ ಒಂದೇ ಕಡೆ ಕಟ್ಟಿಹಾಕಿದರೆ ತುರ್ತಿಗೆ ಅದು ಕೈಗೆ ಬರುವುದಿಲ್ಲ. ಆ ಮನೆಯ ಮೇಲೆ ಮಾಲೀಕರು ಬ್ಯಾಂಕ್ ಸಾಲ ಮಾಡಿದ್ದರೆ ಅಪಾಯ ಇನ್ನೂ ದೊಡ್ಡದು. ಹೊಸ ಚೀಟಿಗೂ ಸೇರಬೇಡಿ. ಜೀವನಾಂಶ ತಡವಾದ ತಿಂಗಳು ಚೀಟಿ ಕಾಯುವುದಿಲ್ಲ.

ಸರ್ಕಾರದಿಂದ ಬರಬೇಕಾದದ್ದನ್ನು ಬಿಡಬೇಡಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆಯಾದ ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವರಿಗೆ ಮಾತ್ರ. ನಿಮ್ಮ ಹೆಸರು ಇನ್ನೂ ಅತ್ತೆಯವರ ಕಾರ್ಡಿನಲ್ಲಿದ್ದರೆ ಹಣ ಅವರಿಗೇ ಹೋಗುತ್ತದೆ. ಅಲ್ಲಿಂದ ಹೆಸರು ತೆಗೆಸಿ ಹೊಸ ಕಾರ್ಡಿಗೆ ಹಾಕಬೇಕು, ಹೊಸ ಅರ್ಜಿ ಎಲ್ಲ ಕಾಲದಲ್ಲೂ ತೆಗೆದುಕೊಳ್ಳುವುದಿಲ್ಲ, ವಿಚಾರಿಸುತ್ತಲೇ ಇರಿ. ಸಿಕ್ಕ ಮೇಲೂ ಈ ಹಣವನ್ನು ತಿಂಗಳ ಲೆಕ್ಕಕ್ಕೆ ಹಿಡಿಯಬೇಡಿ, ಕಂತು ಹಿಂದೆ ಮುಂದೆ ಆಗುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಹಳೆ ಮನೆಯ ಸಂಪರ್ಕದಿಂದ ನಿಮ್ಮ ಆಧಾರ್ ಬಿಡಿಸಿ ಈ ಮನೆಯ ಮೀಟರಿಗೆ ಜೋಡಿಸಬೇಕು. ವಿದ್ಯುತ್ ಕಂಪನಿ ಚೆಸ್ಕಾಂನ ಕಚೇರಿಗೆ ಬಾಡಿಗೆ ಕರಾರು ಪತ್ರ ಒಯ್ಯಿರಿ. ಗ್ಯಾಸ್ ಸಂಪರ್ಕ ಗಂಡನ ಹೆಸರಿನಲ್ಲೇ ಉಳಿದಿದ್ದರೆ, ಹೊಸದು ಸಿಗುವ ತನಕ ವಿಳಾಸದ ದಾಖಲೆ ಕೇಳದ 5 ಕೆ.ಜಿ. ಸಿಲಿಂಡರಿನಲ್ಲಿ ಸುಧಾರಿಸಬಹುದು. ಕೆ.ಜಿ. ಲೆಕ್ಕದಲ್ಲಿ ಅದು ದುಬಾರಿ.

ಮುಟ್ಟಬಾರದ ಕೆಲವು ಖರ್ಚುಗಳಿವೆ. ಹಾಲು, ಬೇಳೆ, ಮೊಟ್ಟೆ, ಸೊಪ್ಪು, ನಿಮ್ಮ ರಾತ್ರಿ ಊಟ. ಮಗನಿಗೆ ಬಡಿಸಿ ತಾವು ಅನ್ನ ಮಜ್ಜಿಗೆಯಲ್ಲಿ ಮುಗಿಸುವುದನ್ನು ನಮ್ಮಲ್ಲಿ ಉಳಿತಾಯ ಎನ್ನುತ್ತಾರೆ. ಆರು ತಿಂಗಳಲ್ಲಿ ರಕ್ತ ಕಡಿಮೆಯಾಗಿ ಆಸ್ಪತ್ರೆಗೆ ಕೊಡುವ ಹಣ ಅದು.

ಖರ್ಚಿನ ಪುಸ್ತಕ ಕೋರ್ಟಿಗೂ ಬೇಕು

ಇದನ್ನು ಬಹಳ ಜನ ತಡವಾಗಿ ತಿಳಿಯುತ್ತಾರೆ. ಜೀವನಾಂಶದ ಅರ್ಜಿಯಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ತಿಂಗಳ ಖರ್ಚನ್ನು ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಹೇಳಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕಕ್ಕೆ ಬರಬೇಕು ಎಂದೂ ಅದೇ ತೀರ್ಪು ಹೇಳುತ್ತದೆ. ಹೊಟ್ಟೆ ಬಟ್ಟೆ ಕಟ್ಟಿ 16,000ದಲ್ಲಿ ತಿಂಗಳು ತೂಗಿಸಿ ಅಷ್ಟನ್ನೇ ಬರೆದುಕೊಟ್ಟರೆ, ನಿಮ್ಮ ಅಗತ್ಯವೇ ಅಷ್ಟು ಎಂದು ಎದುರು ಕಡೆಯ ವಕೀಲರು ವಾದಿಸುತ್ತಾರೆ. ಆದ್ದರಿಂದ ಪುಸ್ತಕದಲ್ಲಿ ಎರಡು ಕಲಂ ಇರಲಿ. ಒಂದರಲ್ಲಿ ನಿಜವಾಗಿ ಖರ್ಚಾದದ್ದು. ಇನ್ನೊಂದರಲ್ಲಿ ಬೇಕಿದ್ದೂ ಹಣವಿಲ್ಲದೆ ಬಿಟ್ಟದ್ದು: ಮಗನ ಈಜು ತರಗತಿ, ನಿಮ್ಮ ಹಲ್ಲಿನ ಚಿಕಿತ್ಸೆ, ಶಾಲೆಯ ಪ್ರವಾಸ. ಒಟ್ಟಿಗಿದ್ದಾಗ ಮನೆ ಯಾವ ಮಟ್ಟದಲ್ಲಿ ನಡೆಯುತ್ತಿತ್ತು ಎಂಬುದನ್ನೂ ಕೋರ್ಟು ನೋಡುತ್ತದೆ. ಹಳೆಯ ಬಿಲ್ಲುಗಳನ್ನು ಎಸೆಯಬೇಡಿ. ಹೊಸ ಬಿಲ್ಲಿನ ಶಾಯಿ ಎರಡು ಮೂರು ತಿಂಗಳಲ್ಲಿ ಮಾಸುತ್ತದೆ, ಅಂದೇ ಫೋಟೋ ತೆಗೆದಿಡಿ. ಉತ್ಪ್ರೇಕ್ಷೆ ಮಾತ್ರ ಬೇಡ, ಅದು ಪ್ರಮಾಣ ಮಾಡಿ ಕೊಡುವ ದಾಖಲೆ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಮಧ್ಯಂತರ ಜೀವನಾಂಶದ ಅರ್ಜಿಯನ್ನು, ನೋಟಿಸ್ ತಲುಪಿದ 60 ದಿನಗಳೊಳಗೆ ಆದಷ್ಟು ಮಟ್ಟಿಗೆ ಮುಗಿಸಬೇಕು ಎಂದಿದೆ. 2024ರ ಜುಲೈಗೆ ಮೊದಲು ಇದೇ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಾಗಿತ್ತು. ವಾಸ್ತವದಲ್ಲಿ ವಾಯಿದೆ ಮುಂದೆ ಹೋಗುತ್ತದೆ, ಅದಕ್ಕೇ ಲೆಕ್ಕದಲ್ಲಿ ಕೇಸಿನ 1,500 ಬೇರೆ ಇಟ್ಟದ್ದು. ವಕೀಲರ ಫೀಸು ಹೊರಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ಹಕ್ಕಿದೆ. ಸಹಾಯವಾಣಿ 15100. ಮನೆಯಲ್ಲಿ ಹಿಂಸೆ, ಬೆದರಿಕೆ ಇದ್ದರೆ ಲೆಕ್ಕಾಚಾರವೆಲ್ಲ ಆಮೇಲೆ, ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಆ ಇನ್ನೂರೈವತ್ತರಲ್ಲಿ ಏನು ಬರುತ್ತದೆ?

ವಾರದಲ್ಲಿ ಯಾವ ಹೊತ್ತು ನಿಮಗೆ ಭಾರ ಎಂದು ಮೊದಲು ಗುರುತಿಸಿಕೊಳ್ಳಿ, ಸುಖವನ್ನು ಆ ಹೊತ್ತಿಗೇ ಇಡಿ. ಹೆಚ್ಚಿನವರಿಗೆ ಅದು ಮಗು ತಂದೆಯ ಜೊತೆ ಹೋಗುವ ಭಾನುವಾರ. ಖಾಲಿ ಮನೆಯಲ್ಲಿ ಫೋನ್ ಹಿಡಿದು ಕೂತರೆ ಲಕೋಟೆಯೂ ಹೋಗುತ್ತದೆ, ಮನಸ್ಸೂ ಕೆಡುತ್ತದೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ, ಮಧ್ಯಾಹ್ನ ನಿದ್ದೆ ಮಾಡಿ, ಸಂಜೆ ಏಳಕ್ಕೆ ಅರಮನೆಯ ದೀಪ ನೋಡಿ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತುವ ಆ ಗಳಿಗೆ ಮೈಸೂರಿನವರಿಗೆ ಹಳತಾಗುವುದೇ ಇಲ್ಲ. ಹಾಗೇ ನಡೆದು ದೇವರಾಜ ಮಾರುಕಟ್ಟೆಗೆ ಬಂದರೆ ಅಂಗಡಿ ಮುಚ್ಚುವ ಹೊತ್ತಿಗೆ ಹೂವಿನ ಬೆಲೆ ಇಳಿದಿರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಎರಡು ದಿನ ಮಾತ್ರ ಆ ಕಡೆ ಹೋಗಬೇಡಿ. ಬಿಗಿ ಮೊಗ್ಗು ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಒಂದು ಮೊಳ ಮಾರನೇ ದಿನಕ್ಕೂ ಬರುತ್ತದೆ.

ಹೂವಿನ ಮಾತು ಬಂದದ್ದರಿಂದ ಒಂದನ್ನು ಹೇಳಲೇಬೇಕು. "ಗಂಡನ ಬಿಟ್ಟು ಬಂದವಳಿಗೆ ಹೂವಿನ ಚಪಲ" ಎನ್ನುವ ಬಾಯಿಗಳಿವೆ, ಕೆಲವು ನಮ್ಮ ಮನೆಯೊಳಗೇ ಇರುತ್ತವೆ. ಹುಟ್ಟಿದಾಗಿನಿಂದ ಮುಡಿದ ಮಲ್ಲಿಗೆಯನ್ನು ಮದುವೆಯ ಜೊತೆಗೆ ಬಂದದ್ದು ಎಂಬಂತೆ ಕಿತ್ತುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಮುಡಿಯಿರಿ.

ಮನೆಯಲ್ಲಿ ಫಿಲ್ಟರ್ ಕಾಫಿ ಉಳಿಸಿಕೊಳ್ಳಿ. ಒಂದು ಲೋಟಕ್ಕೆ ಸುಮಾರು 8 ಗ್ರಾಂ ಪುಡಿ ಸಾಕು, ಕಾಲು ಕೆ.ಜಿ.ಯಲ್ಲಿ ಮೂವತ್ತು ಲೋಟ ಆಗುತ್ತದೆ. ಡಿಕಾಕ್ಷನ್ ನೀರಾಗುವುದು ಪುಡಿಯನ್ನು ಒತ್ತದೆ ನೀರು ಸುರಿದಾಗ. ಬಿಸಿನೀರಿನ ಸ್ನಾನವನ್ನೂ ಬಿಡಬೇಡಿ. 2 ಕಿಲೋವ್ಯಾಟ್ ಗೀಸರ್ ಕಾಲು ಗಂಟೆ ಓಡಿದರೆ ಅರ್ಧ ಯೂನಿಟ್, ಮರೆತು ಒಂದು ಗಂಟೆ ಬಿಟ್ಟರೆ ನೀರು ಕಾದು ನಿಲ್ಲುವ ತನಕ ಎರಡು ಯೂನಿಟ್‌ವರೆಗೂ ಹೋಗಬಹುದು. ಸಿಹಿ ಬೇಕೆನಿಸಿದರೆ ಮೈಸೂರು ಪಾಕನ್ನು 100 ಗ್ರಾಂ ಕೇಳಿ ತನ್ನಿ, ಅರ್ಧ ಕೆ.ಜಿ. ಡಬ್ಬ ಬೇಡ. ಅಷ್ಟೂ ಒಂದೇ ರಾತ್ರಿ ಮುಗಿಯುತ್ತದೆ.

ಮಗನ ಜೊತೆಗಿನ 150ಕ್ಕೆ ಬಸ್ಸು ದೊಡ್ಡ ಆಸರೆ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ಇಲ್ಲ, ಮಗನಿಗೆ ಅರ್ಧ ಟಿಕೆಟ್. ಶ್ರೀರಂಗಪಟ್ಟಣದ ಸಂಗಮ, ನಂಜನಗೂಡು, ತವರಿನ ಮಂಡ್ಯ, ಎಲ್ಲವೂ ಅರ್ಧ ದಿನದ ಹಾದಿ. ಕೆಡುವುದು ಊಟದಲ್ಲಿ. ಬಸ್ಸು ಉಚಿತವೆಂದು ಹೊರಟು ಹೋಟೆಲಿನಲ್ಲಿ 400 ತೆತ್ತು ಬರುತ್ತೇವೆ. ಚಿತ್ರಾನ್ನವೋ ಪುಳಿಯೋಗರೆಯೋ ಕಟ್ಟಿಕೊಂಡು ಹೋಗಿ, ಅಲ್ಲಿ ಮಗ ಕೇಳಿದ ಒಂದನ್ನು ಮಾತ್ರ ಕೊಡಿಸಿ, ಆಯ್ಕೆ ಅವನದೇ ಇರಲಿ. ತಂದೆ ದುಬಾರಿ ಆಟಿಕೆ ಕೊಡಿಸಿ ಕಳಿಸಿದರೆ ಪೈಪೋಟಿಗೆ ಇಳಿಯಬೇಡಿ. "ಈ ತಿಂಗಳು ನಮ್ಮ ಲಕೋಟೆಯಲ್ಲಿ ಇಷ್ಟಿದೆ" ಎಂದು ಎಣಿಸಿ ತೋರಿಸಿದರೆ ಒಂಬತ್ತು ವರ್ಷದವನಿಗೆ ಅರ್ಥವಾಗುತ್ತದೆ. ಕೇಸಿನ ವಿಷಯ ಮಾತ್ರ ಅವನ ಕಿವಿಗೆ ಬೇಡ.

ಲಕೋಟೆ ಇದ್ದೂ ಏನೂ ಬೇಡವೆನಿಸುತ್ತಿದ್ದರೆ, ನಿದ್ದೆ ಬಾರದೆ ವಾರಗಳು ಕಳೆದಿದ್ದರೆ, ಅದು ಹಣದಿಂದ ಸರಿಹೋಗುವಂಥದ್ದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಮುಂದೊಂದು ದಿನ ಬಾಕಿ ಜೀವನಾಂಶ ಒಟ್ಟಿಗೆ ಬರಬಹುದು. ನಗದಾಗಿ ತೆಗೆದುಕೊಳ್ಳಬೇಡಿ, ಖಾತೆಗೇ ಹಾಕಿಸಿ, ಎಷ್ಟು ಬಂತು ಎಷ್ಟು ಬಾಕಿ ಎಂಬುದಕ್ಕೆ ಅದೇ ದಾಖಲೆ. ಒಡವೆ ಅಡವಿಟ್ಟಿದ್ದರೆ ಬಂದ ಕೂಡಲೇ ಬಿಡಿಸಿಕೊಳ್ಳಿ, ಕೈಸಾಲ ತೀರಿಸಿ, ಮೂರು ತಿಂಗಳ ಮನೆಖರ್ಚಿನಷ್ಟನ್ನು ಬೇರೆ ಖಾತೆಯಲ್ಲಿಡಿ. ನಿಮ್ಮ ಲೆಕ್ಕದಲ್ಲಿ ಅದು ಸುಮಾರು 60,000. ಉಳಿದದ್ದರಲ್ಲಿ ಮಗನ ಈಜು ತರಗತಿ, ನಿಮ್ಮ ಹಲ್ಲು, ಹೀಗೆ ಖರ್ಚಿನ ಪುಸ್ತಕದ ಎರಡನೇ ಕಲಮಿನಲ್ಲಿ ಬರೆದಿಟ್ಟದ್ದನ್ನು ಮೇಲಿನಿಂದ ಒಂದೊಂದಾಗಿ ಹೊಡೆದುಹಾಕುತ್ತ ಬನ್ನಿ.